ಹುಬ್ಬಿನ ತುದಿಯ ಅಕ್ಕಿಕಾಳಿನಷ್ಟು ಕಲೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶವಾಗಾರದ ಹಿಂಬದಿಯ ಮೆಟ್ಟಿಲಿಳಿದರೆ ಸಿಗುವ ನೆಲಮಾಳಿಗೆಯ ಕೋಣೆಯಲ್ಲಿ ಒಂದು ಟ್ಯೂಬ್‌ಲೈಟು ಉರಿಯುತ್ತಿದೆ, ಇನ್ನೊಂದು ಉರಿಯಲೋ ಬೇಡವೋ ಎಂದು ಮಿಣುಕುತ್ತಿದೆ. ಗೋಡೆಯಾಚೆ ದೇಹಗಳನ್ನಿಡುವ ತಣ್ಣನೆಯ ಕೋಣೆಯ ಯಂತ್ರ ಒಂದೇ ಸಮನೆ ಗುಂಯ್‌ಗುಡುತ್ತಿದೆ. ಸ್ವೆಟರಿನ ಮೇಲೊಂದು ಸ್ವೆಟರ್ ಹಾಕಿಕೊಂಡು, ಐವತ್ತು ದಾಟಿದ ಸಣಕಲು ಮನುಷ್ಯರೊಬ್ಬರು ಕಂಪ್ಯೂಟರಿನ ಮುಂದೆ ಕುಳಿತಿದ್ದಾರೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಸಾಲುಗಳು ಸರಸರನೆ ಮೇಲಕ್ಕೆ ಓಡುತ್ತಿವೆ.

"ಇದನ್ನೆಲ್ಲ ಓದ್ತೀರಾ?" ಎಂದು, ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದಿರುವ ನಾನು ಕೇಳುತ್ತೇನೆ.

"ಎಲ್ಲಿ ಓದಕ್ಕಾಗತ್ತೆ ಸಾರ್, ಈ ಓಟದಲ್ಲಿ? ನಿಲ್ಲತ್ತಾ ಅಂತ ಕಾಯ್ತಾ ಕೂತಿರ್ತೀನಿ ಅಷ್ಟೇ. ನಿಂತ್ರೆ ಎಲ್ಲೋ ಎಡವಟ್ಟಾಗಿದೆ ಅಂತ ಅರ್ಥ." ಅವರು ಕಂಪ್ಯೂಟರ್ ಪೆಟ್ಟಿಗೆಯ ಹಿಂದೆ ಬಿಸಿಗಾಳಿ ಬರುವ ಕಡೆ ಎರಡೂ ಅಂಗೈ ಒಡ್ಡುತ್ತಾರೆ. "ಕಂಪೈಲ್ ಆಗೋವಾಗ ಚೆನ್ನಾಗಿ ಕಾಯತ್ತೆ. ಈ ಕಟ್ಟಡದಲ್ಲಿ ಬಿಸಿಯಾಗಿರೋದು ಇದೊಂದೇ."

ಆಸ್ಪತ್ರೆಯಲ್ಲಿ ಎಲ್ಲರೂ ಇವರನ್ನು ಫೋಟೋ ಮಾವ ಎಂದೇ ಕರೆಯುತ್ತಾರೆ. ವಾರಸುದಾರರಿಲ್ಲದೆ ಬರುವ ಹೆಣಗಳ ಫೋಟೋ ತೆಗೆಯುವುದು ಇವರ ಮೂಲ ಕಸುಬು. ಈಗ ಆ ಕೆಲಸವನ್ನು ಡ್ಯೂಟಿ ಡಾಕ್ಟರುಗಳ ಮೊಬೈಲುಗಳು ಮಾಡುತ್ತಿವೆ. ಮಾವನಿಗೆ ಉಳಿದಿರುವುದು ತಾವು ತೆಗೆದ ಆ ಹಳೆಯ ಫೋಟೋಗಳನ್ನು ಜೀವಂತ ಇಡುವ ಕೆಲಸ. ಸತ್ತವರ ಫೋಟೋಗಳಿಗೆ ಜೀವಂತ ಎಂಬ ಪದ ಹೊಂದುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ಮಾವ ಮಾತ್ರ ಅದನ್ನೇ ಬಳಸುತ್ತಾರೆ.

ಆ ಫೋಟೋಗಳೆಲ್ಲ ಇರುವುದು ಒಂದು ಹಳೆಯ ತಂತ್ರಾಂಶದೊಳಗೆ. ಅದನ್ನು ಮಾಡಿಕೊಟ್ಟ ಕಂಪನಿ ಬಾಗಿಲು ಹಾಕಿ ಬಹಳ ಕಾಲವಾಯಿತು. ಈಗಿನ ಯಾವ ಕಂಪ್ಯೂಟರಿನಲ್ಲೂ ಅದು ಓಡುವುದಿಲ್ಲ. ಓಡುತ್ತಿದ್ದ ಕಂಪ್ಯೂಟರು ಒಂದು ದಿನ ಹೊಗೆಯಾಡಿ ಕಣ್ಣು ಮುಚ್ಚಿತು, ಒಳಗಿನ ಡಿಸ್ಕು ಮಾತ್ರ ಉಳಿಯಿತು. ಹೊಸದಕ್ಕೆ ಟೆಂಡರ್ ಕರೆಯುತ್ತೇವೆ ಎಂದು ಮೇಲಿನವರು ಹೇಳಿದರು, ಈಗಲೂ ಹೇಳುತ್ತಿದ್ದಾರೆ. ಅಷ್ಟರಲ್ಲಿ ಮಾವ ಒಂದು ಉಪಾಯ ಹುಡುಕಿಕೊಂಡರು. ಒಂದು ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರನ್ನು ಸಾಕುವ ತಂತ್ರಾಂಶಗಳಿವೆ, ಅವುಗಳಿಗೆ ವರ್ಚುವಲೈಸೇಶನ್ ಎಂದು ಹೆಸರು. ಅಂಥದ್ದೊಂದು ಮುಕ್ತ ತಂತ್ರಾಂಶ ಅಂತರ್ಜಾಲದಲ್ಲಿ ಸಿಕ್ಕಿತು. ಯಾರು ಬೇಕಾದರೂ ಅದರ ಮೂಲ ಕೋಡ್ ಇಳಿಸಿಕೊಂಡು, ತಿದ್ದಿ, ತಮಗೆ ಬೇಕಾದಂತೆ ಕಟ್ಟಿಕೊಳ್ಳಬಹುದು. ಮಾವ ಆಫೀಸಿನ ವಿಂಡೋಸ್ ಕಂಪ್ಯೂಟರಿನೊಳಗೆ ಆ ಸತ್ತ ಕಂಪ್ಯೂಟರನ್ನು ಎಬ್ಬಿಸಿ ಕೂರಿಸಿದರು. ಫೋಟೋಗಳು ಮತ್ತೆ ಕಂಡವು.

ಇಲ್ಲಿ ಕಂಡರೆ ಸಾಲದು. ಕಾಣೆಯಾದವರನ್ನು ಹುಡುಕುವವರು ಎಲ್ಲೆಲ್ಲೋ ಇರುತ್ತಾರೆ. ಅವರಿಗಾಗಿ ದೂರದೂರದ ಊರುಗಳ ಆಸ್ಪತ್ರೆಗಳಲ್ಲಿ ಗುರುತು ಕೇಂದ್ರಗಳಿವೆ. ಕೇಂದ್ರ ಎಂದರೆ ಏನು ಮಹಾ, ಒಂದು ಮೇಜು, ಎರಡು ಕುರ್ಚಿ, ಒಂದು ಪರದೆ. ಅಲ್ಲಿ ಕುಳಿತವರು ಇಲ್ಲಿನ ಫೋಟೋಗಳನ್ನು ದೂರಸಂಪರ್ಕದಲ್ಲಿ ನೋಡುತ್ತಾರೆ. ಎಲ್ಲ ಕೇಂದ್ರ ಸೇರಿ ದಿನಕ್ಕೆ ಮೂವತ್ತು ನಲವತ್ತು ಜನ ಬರುತ್ತಾರೆ. ಗುರುತು ಸಿಗುವುದು ವಾರಕ್ಕೆ ಒಂದೋ ಎರಡೋ. ಅಂತರ್ಜಾಲದಲ್ಲಿ ವಿಂಡೋಸಿಗೆಂದು ಮಾವನಿಗೆ ಸಿಕ್ಕ ಸಿದ್ಧ ಪ್ರತಿಯಲ್ಲಿ ಈ ದೂರಸಂಪರ್ಕದ ಭಾಗವೇ ಇರಲಿಲ್ಲ. ಆದ್ದರಿಂದ ಹೊಸ ಆವೃತ್ತಿ ಬಂದಾಗಲೆಲ್ಲ ಮೂಲ ಕೋಡ್ ತಂದು, ಆ ಭಾಗ ಸೇರಿಸಿ, ಇಲ್ಲೇ ಕಂಪೈಲ್ ಮಾಡಬೇಕು, ಅಂದರೆ ಆ ಕೋಡನ್ನು ಓಡಬಲ್ಲ ತಂತ್ರಾಂಶವಾಗಿ ಕಟ್ಟಬೇಕು. ಈಗ ನಡೆಯುತ್ತಿರುವುದು ಅದೇ. ಹಿಂದಿನ ಆವೃತ್ತಿಯಲ್ಲಿ ಕಳ್ಳರು ನುಗ್ಗಬಹುದಾದ ತೂತೊಂದು ಕಂಡಿದೆಯಂತೆ. ಇವತ್ತು ಕೇಂದ್ರಗಳು ತೆರೆಯುವ ಹತ್ತು ಗಂಟೆಗೆ ಹೊಸದು ಸಿದ್ಧವಿರಬೇಕು, ಇಲ್ಲದಿದ್ದರೆ ಸಂಪರ್ಕ ಬಂದ್ ಎಂದು ಮೇಲಿನಿಂದ ಆದೇಶವಾಗಿದೆ.

ಪರದೆ ಗಕ್ಕನೆ ನಿಲ್ಲುತ್ತದೆ. ಕೊನೆಯಲ್ಲಿ ಕೆಂಪಕ್ಷರದ ಸಾಲೊಂದು. ಮಾವ ಕನ್ನಡಕ ಹಣೆಗೇರಿಸಿ ಮೂಗು ತಾಗುವಷ್ಟು ಹತ್ತಿರ ಬಗ್ಗುತ್ತಾರೆ. "ನೋಡಿ ಇವನ ಕತೆ. ಚಿತ್ರದ ಲೈಬ್ರರಿ, ಅಂದ್ರೆ ಚಿತ್ರ ತೋರಿಸೋ ಕೋಡಿನ ಕಟ್ಟು, ಸಿಗ್ತಿಲ್ಲ ಅಂತಾನೆ. ಅವನ ಪಕ್ಕದಲ್ಲೇ ಇದೆ! ಹೊಸ ಸೊಸೆ ಸಕ್ಕರೆ ಡಬ್ಬ ಹುಡುಕಿದ ಹಾಗೆ." ಎರಡು ಸಾಲು ಟೈಪು ಮಾಡಿ ದಾರಿ ತೋರಿಸುತ್ತಾರೆ. ಅಕ್ಷರಗಳು ಮತ್ತೆ ಓಡತೊಡಗುತ್ತವೆ.

ಇದನ್ನೆಲ್ಲ ಯಾರು ಕಲಿಸಿದರು ಎಂದರೆ ನಗುತ್ತಾರೆ. "ಬೈಗುಳ ಕಲಿಸ್ತು. ಗೊತ್ತಿರೋರು ಅಂತರ್ಜಾಲದಲ್ಲಿ ಒಂದು ಕಡೆ ಸೇರ್ತಾರೆ, ಅಲ್ಲಿ ಹೋಗಿ ಕೇಳ್ತಿದ್ದೆ. 'ಮೊದಲು ಓದ್ಕೊಂಡು ಬಾ' ಅಂತ ಬೈಯೋರು. ಓದ್ಕೊಂಡು ಹೋಗ್ತಿದ್ದೆ. ಮತ್ತೆ ಬೈಯೋರು. ಆಮೇಲೆ ಅವರಿಗೇ ಸಾಕಾಗಿ ಹೇಳಿಕೊಟ್ರು." ಮೊದಲ ಸಲ ಪೂರ್ತಿ ಕಟ್ಟಿ ಮುಗಿಸಲು ಇವರಿಗೆ ಒಂದು ಮಳೆಗಾಲವೇ ಹಿಡಿಯಿತು.

ಮನೆಯಲ್ಲಿ ಇವರ ಹೆಂಡತಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾರೆ. ಹಿಂದಿನ ಸಂಜೆ ನಾನು ಅಲ್ಲಿಗೆ ಹೋದಾಗ ಆಕೆ ಬಾಯಲ್ಲಿ ಕಚ್ಚಿಕೊಂಡಿದ್ದ ದಾರ ತೆಗೆದು ಹೇಳಿದರು: "ನಮ್ಮೆಜಮಾನ್ರು ಊರಿನ ಹೆಣಕ್ಕೆಲ್ಲ ತಲೆ ಬಾಚಿ ಫೋಟೋ ತೆಗೆದೋರು. ನನ್ನದೊಂದು ತೆಗೀರಿ ಅಂತ ಮದುವೆಯಾದಾಗಿಂದ ಕೇಳ್ತಿದೀನಿ. ನನ್ನ ಸರದಿ ಯಾವಾಗ ಬರತ್ತೆ ಅಂತ ಗೊತ್ತಾಯ್ತಲ್ಲ!" ಮಾವ ಒಳಗಿನಿಂದ "ಲೇ, ಸುಮ್ನಿರೇ" ಎಂದರು. ತಮಾಷೆ ಮಾಡುತ್ತಲೇ ಆಕೆ ಗಂಡನ ಎರಡನೇ ಸ್ವೆಟರಿನ ಮೊಣಕೈಗೆ ತೇಪೆ ಹಾಕುತ್ತಿದ್ದರು.

ತಲೆ ಬಾಚುವ ಮಾತು ನಿಜ. ಫೋಟೋಕ್ಕೆ ಮುಂಚೆ ಮಾವ ಮುಖ ಒರೆಸುತ್ತಿದ್ದರು, ಕೂದಲು ಬಾಚುತ್ತಿದ್ದರು. "ಮನೆಯವರು ನೋಡಿರೋದು ಹಾಗಲ್ವಾ ಸಾರ್? ಮಣ್ಣು ಮೆತ್ಕೊಂಡಿರೋ ಮುಖ ಯಾವ ತಾಯಿಗೆ ಗೊತ್ತಾಗತ್ತೆ? ಮುಖದ ಮೇಲೆ ಬೆಳಕು ಬೀಳಬೇಕು, ಹೊಳಪು ಬೀಳಬಾರದು. ಕಲೆ, ಮಚ್ಚೆ, ಹಚ್ಚೆ ಎಲ್ಲ ಕಾಣಬೇಕು." ಇಷ್ಟು ಜತನದ ಮನುಷ್ಯನ ಕೈಯಲ್ಲೇ ಒಂದು ದೊಡ್ಡ ತಪ್ಪು ನಡೆಯಿತು ಎನ್ನುವುದನ್ನು ಅರಗಿಸಿಕೊಳ್ಳುವುದು ನನಗೂ ಕಷ್ಟವಾಗಿದೆ.

ದೂರಸಂಪರ್ಕ ಶುರುವಾದ ಹೊಸತು. ಮಾವ ತಮ್ಮ ಮೇಜಿನಲ್ಲೇ ಕೂತು ಪರೀಕ್ಷೆ ಮಾಡಿದರು, ಫೋಟೋಗಳು ಸೊಗಸಾಗಿ ಬಂದವು. ಎಲ್ಲ ಕೇಂದ್ರಗಳಿಗೂ ಸಂಪರ್ಕ ಕೊಟ್ಟರು. ಅತಿ ದೂರದ ಕೇಂದ್ರಕ್ಕೆ ಗಾರೆ ಕೆಲಸದ ಮೇಸ್ತ್ರಿಯೊಬ್ಬರು ಕಾಣೆಯಾದ ಮಗನನ್ನು ಹುಡುಕಿಕೊಂಡು ಬಂದರು. ಎರಡು ದಿನ ನೀರಿನಲ್ಲಿದ್ದು ಊದಿದ ಮುಖವೊಂದನ್ನು ಅವರಿಗೆ ತೋರಿಸಲಾಯಿತು. ಮಗನ ಎಡಹುಬ್ಬಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಕಲೆಯಿತ್ತು. ಚಿಕ್ಕವನಿದ್ದಾಗ ಅಪ್ಪನ ಕೆಲಸದ ಜಾಗದಲ್ಲಿ ಓಡಿ ಬಂದು ಗಾರೆ ಬಳಿಯುವ ಕರಣೆಯ ಮೇಲೆ ಬಿದ್ದು ಆದದ್ದು. ಮೇಸ್ತ್ರಿ ಹುಬ್ಬು ನೋಡಿದರು. ಕಲೆ ಇರಲಿಲ್ಲ. "ಅಲ್ಲ, ನನ್ನ ಮಗ ಅಲ್ಲ" ಎಂದು ಕೈಮುಗಿದು, ಮನಸ್ಸು ಹಗುರ ಮಾಡಿಕೊಂಡು ಮನೆಗೆ ಹೋದರು. ದೇಹ ವಾರಸುದಾರರಿಲ್ಲದವರ ಜಾಗದಲ್ಲಿ ಮಣ್ಣಾಯಿತು.

ಒಂದು ವರ್ಷ ಆ ತಂದೆ ಊರೂರು ಅಲೆದರು. ಕೊನೆಗೆ ಬೇರೆ ಯಾವುದೋ ದೇಹ ನೋಡಲು ಇಲ್ಲಿಗೇ ಬಂದಾಗ, ಮಾವನ ಪರದೆಯ ಮೇಲೆ ಒಂದೊಂದೇ ಫೋಟೋ ದಾಟುವಾಗ, ಆ ಮುಖ ಮತ್ತೆ ಬಂತು. ಈ ಸಲ ಹುಬ್ಬಿನ ಮೇಲೆ ಕಲೆಯಿತ್ತು.

"ಅವ್ರು ಕೂಗಾಡಲಿಲ್ಲ ಸಾರ್. ಬೈದಿದ್ರೆ ಚೆನ್ನಾಗಿತ್ತು. 'ಅವತ್ತು ಯಾಕೆ ಕಾಣಿಸಲಿಲ್ಲ?' ಅಂತ ಕೇಳಿದ್ರು, ಅಷ್ಟೇ. ನಂಗೆ ಉತ್ತರ ಗೊತ್ತಿರಲಿಲ್ಲ."

ಉತ್ತರ ಹುಡುಕಿದಾಗ ಸಿಕ್ಕಿತು. ಆ ದೂರಸಂಪರ್ಕದ ಭಾಗಕ್ಕೊಂದು ಗುಣವಿದೆ. ಲೈನು ಚುರುಕಾಗಿದ್ದರೆ ಚಿತ್ರವನ್ನು ಇದ್ದಂತೆ ಕಳಿಸುತ್ತದೆ; ಲೈನು ನಿಧಾನವಾದರೆ ತಾನಾಗಿಯೇ ಚಿತ್ರವನ್ನು ಹಿಂಡಿ ಸಣ್ಣದು ಮಾಡಿ ಕಳಿಸುತ್ತದೆ. ಹಿಂಡಿದಾಗ ಸಣ್ಣ ಗುರುತುಗಳು ಅಳಿಸಿ ಚರ್ಮ ನುಣ್ಣಗಾಗುತ್ತದೆ. ದಾಖಲೆ ಓದುವವರಿಗೆ, ಸಿನಿಮಾ ನೋಡುವವರಿಗೆ ಅದು ಉಪಕಾರ. ಮಾವನ ಮೇಜಿನ ಲೈನು ಚುರುಕಾಗಿತ್ತು, ದೂರದ ಕೇಂದ್ರದ್ದು ಆಮೆಯ ನಡಿಗೆ. ಇವರು ಪರೀಕ್ಷೆ ಮಾಡಿದ ಫೋಟೋವೇ ಬೇರೆ, ಆ ತಂದೆಗೆ ಕಂಡದ್ದೇ ಬೇರೆ. ಬೇರೆ ಯಾರಾದರೂ ಆಗಿದ್ದರೆ ತಾಂತ್ರಿಕ ದೋಷ ಎಂದು ಕೈತೊಳೆದುಕೊಳ್ಳುತ್ತಿದ್ದರು. ಹಾಗೆ ಮಾಡಿ ಎಂದು ಇವರ ಅಧಿಕಾರಿ ಸಲಹೆಯನ್ನೂ ಕೊಟ್ಟಿದ್ದರು. ಮಾವ ಬಸ್ಸು ಹಿಡಿದು ಮೇಸ್ತ್ರಿಯ ಮನೆಗೆ ಹೋಗಿ, ಕಟ್ಟೆಯ ಮೇಲೆ ಕೂತು, ಇದ್ದದ್ದನ್ನು ಇದ್ದ ಹಾಗೆ ಹೇಳಿ ಬಂದರು.

ಅಂದಿನಿಂದ ಇವರು ಕೋಡಿನಲ್ಲಿ ಆ ಹಿಂಡುವ ಭಾಗವನ್ನು ಕಿತ್ತುಹಾಕಿಯೇ ಕಂಪೈಲ್ ಮಾಡುತ್ತಾರೆ. ದೂರದ ಕೇಂದ್ರಗಳಲ್ಲಿ ಫೋಟೋ ಈಗ ಮೇಲಿನಿಂದ ಒಂದೊಂದೇ ಪಟ್ಟಿಯಾಗಿ ಇಳಿಯುತ್ತದೆ. ಮೊದಲು ಕೂದಲು, ಆಮೇಲೆ ಹಣೆ, ಹುಬ್ಬು, ಕಣ್ಣು. ಎದುರಿಗೆ ಕೂತವರ ಪಾಡು ದೇವರಿಗೇ ಪ್ರೀತಿ. ಬೇಗ ಬರುವ ಹಾಗೆ ಮಾಡಿ ಎಂದು ಅಧಿಕಾರಿ ಹೇಳುತ್ತಲೇ ಇರುತ್ತಾರೆ. "ತಡವಾಗಿ ಬರಲಿ, ಪೂರ್ತಿ ಬರಲಿ" ಎಂದು ಮಾವ ಹೇಳುತ್ತಲೇ ಇರುತ್ತಾರೆ.

ಪರೀಕ್ಷೆಯ ರೀತಿಯೂ ಬದಲಾಗಿದೆ. ಮೊದಲು ಮಾವ ತಮ್ಮ ಕೈಯ ಫೋಟೋವೊಂದನ್ನು ಇಟ್ಟುಕೊಂಡಿದ್ದರು. ವಿಷಯ ತಿಳಿದ ಮೇಸ್ತ್ರಿ ಫೋನು ಮಾಡಿದರಂತೆ: "ನಿಮ್ಮ ಕೈ ಯಾಕೆ ಫೋಟೋದವ್ರೇ? ನನ್ನ ಮಗನ್ನೇ ತೋರಿಸಿ. ಆ ಕಲೆ ಈ ಲೈನಲ್ಲಿ ನಂಗೆ ಕಂಡ್ರೆ, ಎಲ್ಲಾರಿಗೂ ಎಲ್ಲಾನೂ ಕಾಣತ್ತೆ." ಮಾವ ಒಪ್ಪಲಿಲ್ಲ. ಮೇಸ್ತ್ರಿ ಬಿಡಲಿಲ್ಲ. ಹೀಗಾಗಿ ಹೊಸ ಪ್ರತಿ ಸಿದ್ಧವಾದ ದಿನ ಅವರು ಬೆಳಿಗ್ಗೆಯೇ ಆ ದೂರದ ಕೇಂದ್ರಕ್ಕೆ ಹೋಗಿ ಕೂರುತ್ತಾರೆ. ಮಗನ ಫೋಟೋ ಇಳಿಯುತ್ತದೆ. ಅವರು ಫೋನಿನಲ್ಲಿ "ಹೌದು, ನನ್ನ ಮಗ" ಎನ್ನುತ್ತಾರೆ. ಆಮೇಲಷ್ಟೇ ಮಾವ ಉಳಿದ ಕೇಂದ್ರಗಳಿಗೆ ಸಂಪರ್ಕ ಕೊಡುತ್ತಾರೆ. ಯಾವ ನಿಯಮದಲ್ಲೂ ಇಲ್ಲದ ಈ ಪದ್ಧತಿ ಹೀಗೇ ನಡೆದುಕೊಂಡು ಬಂದಿದೆ.

ಎಂಟರ ಹೊತ್ತಿಗೆ ಕಂಪೈಲ್ ಮುಗಿಯುತ್ತದೆ. ಮಾವ ಹೊಸ ಪ್ರತಿಯಲ್ಲಿ ಹಳೆಯ ಕಂಪ್ಯೂಟರನ್ನು ಎಬ್ಬಿಸಿ, ಫೋನನ್ನು ಸ್ಪೀಕರಿಗೆ ಹಾಕುತ್ತಾರೆ. ಆ ಕಡೆ ಕೇಂದ್ರದ ಗುಮಾಸ್ತೆ: "ನಮಸ್ಕಾರ ಮಾವ. ಮೇಸ್ತ್ರಿಗಳು ಬಂದಿದಾರೆ. ನಾನು ತಿರುಗಿ ಕೂತೆ." ಫೋಟೋ ತೋರಿಸುವಾಗ ಕೇಂದ್ರದ ಸಿಬ್ಬಂದಿ ಪರದೆಗೆ ಬೆನ್ನು ಹಾಕಿ ಕೂರಬೇಕು. ಇದು ಮಾತ್ರ ಬರೆದಿಟ್ಟ ನಿಯಮ. ಮನೆಯವರು ಮಾತ್ರ ನೋಡಬೇಕು, ಮನೆಯವರೇ ಹೇಳಬೇಕು; ಸಿಬ್ಬಂದಿಯ ಮುಖಭಾವ ನೋಡಿ ಯಾರೂ ಹೌದು ಅಲ್ಲ ಎನ್ನಬಾರದು.

ನಾವು ಕಾಯುತ್ತೇವೆ. ಫೋಟೋ ಇಳಿದು ಮುಗಿಯುವಷ್ಟು ಹೊತ್ತಾಗುತ್ತದೆ. ಮಾವ ಫೋನನ್ನು ಹತ್ತಿರ ಎಳೆದುಕೊಳ್ಳುತ್ತಾರೆ.

"ಮೇಸ್ತ್ರಿಗಳೇ?"

"ಇದೀನಿ."

"ಬಂತಾ?"

"ಮುಖ ಬಂತು. ಕಲೆ ಕಾಣ್ತಿಲ್ಲ ಫೋಟೋದವ್ರೇ."

ಮಾವ ಕೀಬೋರ್ಡಿಗೆ ಬಾಗುತ್ತಾರೆ. "ಒಂದ್ನಿಮಿಷ, ಅಲ್ಲೇ ಇರಿ" ಎಂದು ಕೋಡಿನಲ್ಲಿ ತಾವು ಕಿತ್ತ ಜಾಗ ಹುಡುಕುತ್ತಾರೆ. ಕಿತ್ತದ್ದು ಕಿತ್ತೇ ಇದೆ. ಹೊಸ ಆವೃತ್ತಿಯವರು ಹಿಂಡುವ ಭಾಗವನ್ನು ಇನ್ನೆಲ್ಲಾದರೂ ಇಟ್ಟಿದ್ದಾರೋ ಎಂದು ಕಡತಗಳನ್ನೆಲ್ಲ ಜಾಲಾಡುತ್ತಾರೆ. ಏನೂ ಸಿಗದೆ, ಅಳಿಸಿ ಮೊದಲಿನಿಂದ ಕಂಪೈಲಿಗೆ ಹಾಕುತ್ತಾರೆ. ಅಕ್ಷರಗಳು ಓಡುತ್ತವೆ. ಕೈ ಕಾಯಿಸಿಕೊಳ್ಳುವುದು ಈ ಸಲ ಅವರಿಗೆ ನೆನಪಾಗುವುದಿಲ್ಲ.

"ಮತ್ತೆ ಅದೇ ಮಾಡ್ಬಿಟ್ಟೆ ಸಾರ್," ಎಂದು ಎರಡು ಸಲ ಹೇಳುತ್ತಾರೆ. ಗೋಡೆಯಾಚೆಯ ಯಂತ್ರ ಗುಂಯ್‌ಗುಡುತ್ತಲೇ ಇದೆ.

ಹತ್ತಾಗುತ್ತದೆ. ಕೇಂದ್ರಗಳಿಂದ ಕರೆಗಳು ಶುರುವಾಗುತ್ತವೆ. ಜನ ಬಂದು ಕೂತಿದ್ದಾರೆ. ಅಧಿಕಾರಿ ಮೆಟ್ಟಿಲ ಮೇಲಿನಿಂದಲೇ ಕೂಗುತ್ತಾರೆ: "ಏನ್ರೀ ಅದು, ಇನ್ನೂ ಆಗಿಲ್ವಾ? ನಿಮ್ಮ ಸೈಡಲ್ಲಿ ಕಾಣತ್ತಲ್ಲ, ಬಿಡ್ರೀ ಸಂಪರ್ಕನ!"

"ನನ್ನ ಸೈಡಲ್ಲಿ ಅವತ್ತೂ ಕಾಣ್ತಿತ್ತು ಸಾರ್." ಮಾವ ತಿರುಗಿಯೂ ನೋಡುವುದಿಲ್ಲ.

ಎರಡನೇ ಪ್ರತಿ ಸಿದ್ಧವಾಗುತ್ತದೆ. ಮೇಸ್ತ್ರಿ ಎದ್ದು ಹೋಗಿಲ್ಲ, ಅಲ್ಲೇ ಕೂತಿದ್ದಾರೆ. ಫೋಟೋ ಮತ್ತೆ ಪಟ್ಟಿ ಪಟ್ಟಿಯಾಗಿ ಇಳಿಯುತ್ತದೆ. ಮತ್ತದೇ ಉತ್ತರ, ಈ ಸಲ ಇನ್ನೂ ಸಣ್ಣ ದನಿಯಲ್ಲಿ: "ಇಲ್ಲ. ಮಂಜುಮಂಜಾಗಿದೆ."

ಮಾವ ತಲೆಯ ಮೇಲೆ ಕೈಹೊತ್ತು ಕೂರುತ್ತಾರೆ. ಸಂಪರ್ಕ ಬಂದ್ ಮಾಡಿ ಎಂದು ಅಧಿಕಾರಿಗೆ ತಾವೇ ಹೇಳಲು ಏಳುತ್ತಿರುವಾಗ ಅವರ ಸ್ವಂತ ಮೊಬೈಲು ಹೊಡೆದುಕೊಳ್ಳುತ್ತದೆ. ಅದೇ ಗುಮಾಸ್ತೆ. ಕೋಣೆಯಿಂದ ಹೊರಗೆ ಬಂದು ಪಿಸುದನಿಯಲ್ಲಿ ಮಾತಾಡುತ್ತಿದ್ದಾಳೆ.

"ಮಾವ, ಬೈಬೇಡಿ. ನಾನು ತಿರುಗಿ ನೋಡ್ಬಿಟ್ಟೆ."

"ಏನು?"

"ಪರದೆ ನೋಡ್ದೆ. ಕಲೆ ಇದೆ ಮಾವ. ಎಡಹುಬ್ಬಿನ ತುದೀಲಿ, ಎದ್ದು ಕಾಣ್ತಿದೆ. ನಿಮ್ಮ ಕೆಲಸ ಸರಿಯಾಗಿದೆ. ಅವ್ರು... ಇವತ್ತು ಒಳಗೆ ಬಂದು ಕುರ್ಚಿ ತಡವಿ ಹಿಡಿದು ಕೂತ್ರು. ನಾನು ಆಗ್ಲೇ ಅರ್ಥ ಮಾಡ್ಕೋಬೇಕಿತ್ತು."

ಮಾವ ಮೊಬೈಲನ್ನು ಮೇಜಿನ ಮೇಲಿಡುತ್ತಾರೆ. ತಪ್ಪು ತಮ್ಮದಲ್ಲ ಎಂದು ತಿಳಿದವರ ಮುಖದಲ್ಲಿ ಬರಬೇಕಾದ ನೆಮ್ಮದಿ ನನಗೆ ಎಲ್ಲೂ ಕಾಣುವುದಿಲ್ಲ. ಕೊನೆಗೆ ಸ್ಪೀಕರಿನ ಫೋನಿಗೆ ಬಾಗಿ, "ಮೇಸ್ತ್ರಿಗಳೇ," ಎನ್ನುತ್ತಾರೆ, "ಕಣ್ಣು ಯಾವಾಗಿಂದ ಹೀಗಾಗಿದೆ?"

ಆ ಕಡೆಯವರಿಗೆ ಅರ್ಥವಾಗಲು ತುಸು ಹೊತ್ತು ಬೇಕಾಗುತ್ತದೆ.

"ಓ, ಹಾಗಾ. ನಂದಾ?" ಮೇಸ್ತ್ರಿ ಒಂದು ಬಗೆಯಲ್ಲಿ ನಗುತ್ತಾರೆ. "ಹೋದ ಸಲನೂ ಸ್ವಲ್ಪ ಮಂಜಿತ್ತು. ಆದ್ರೆ ಕಲೆ ಕಂಡಿತ್ತು, ಸುಳ್ಳು ಹೇಳಿಲ್ಲ. ಪೊರೆ ಬಂದಿದೆ ಅಂದಿದ್ರು ಡಾಕ್ಟ್ರು. ಆಪರೇಷನ್‌ಗೆ ಸರದಿ ಹಚ್ಚಿದಾರೆ, ಇನ್ನೂ ಕರೆದಿಲ್ಲ. ಗಾರೆ ಕೆಲಸದಲ್ಲಿ ಸುಣ್ಣ ಸಿಮೆಂಟು ಬಿದ್ದೂ ಬಿದ್ದೂ ಉರಿಯೋದು ಇದ್ದಿದ್ದೇ, ಅಂತ ಸುಮ್ನಿದ್ದೆ."

"ಹೋಗ್ಲಿ ಬಿಡಿ. ಗುಮಾಸ್ತೆ ನೋಡಿದಾಳಂತೆ, ಕಲೆ ಇದೆಯಂತೆ. ನೀವು ಮನೆಗೆ ಹೋಗಿ ಸುಧಾರಿಸ್ಕೊಳ್ಳಿ."

"ಇದೆಯಂತಾ?"

"ಇದೆ ಮೇಸ್ತ್ರಿಗಳೇ. ನನ್ನ ಮುಂದೇನೂ ಇದೆ. ನಾನೇ ತೆಗೆದ ಫೋಟೋ, ನಂಗೆ ಗೊತ್ತಿಲ್ವಾ." ಮಾವ ತಡೆದು, ಕೇಳಬಾರದ್ದನ್ನು ಕೇಳುವವರ ಹಾಗೆ ಕೇಳುತ್ತಾರೆ, "ಹೌದು ಅಂದ್ಬಿಡ್ತೀರಾ? ಸಂಪರ್ಕ ಬಿಡ್ತೀನಿ."

"ಇಲ್ಲ," ಎನ್ನುತ್ತಾರೆ ಮೇಸ್ತ್ರಿ. ದನಿಯಲ್ಲಿ ಸಿಟ್ಟಿಲ್ಲ. "ನೀವು ಬಿಡಿ, ಜನ ಕಾಯ್ತಿರ್ತಾರೆ. ನಾನು ಮಾತ್ರ ಕಾಣದೆ ಹೌದು ಅನ್ನಲ್ಲ ಫೋಟೋದವ್ರೇ. ಒಂದು ಸಲ ಕಾಣದೆ ಅಲ್ಲ ಅಂದಿದ್ದೇ ಸಾಕಾಗಿದೆ."

ಮಾವ ಸಂಪರ್ಕ ಬಿಡುತ್ತಾರೆ. ಪರದೆಯ ಮೂಲೆಯಲ್ಲಿ ಒಂದೊಂದೇ ಕೇಂದ್ರದ ಹಸಿರು ಚುಕ್ಕಿ ಹೊತ್ತಿಕೊಳ್ಳುತ್ತದೆ. ಎಲ್ಲೆಲ್ಲೋ ಯಾರ್‍ಯಾರ ಮುಂದೆಯೋ ಕೂದಲು, ಹಣೆ, ಹುಬ್ಬು ಇಳಿಯತೊಡಗುತ್ತವೆ. ಮಾವ ಫ್ಲಾಸ್ಕಿನ ಚಹಾವನ್ನು ಎರಡು ಲೋಟಕ್ಕೆ ಬಗ್ಗಿಸುತ್ತಾರೆ. ಅದು ಎಂದೋ ತಣ್ಣಗಾಗಿದೆ.

ಮಗ ಬದುಕಿದ್ದಾಗ ತೆಗೆದ ಫೋಟೋ ಮೇಸ್ತ್ರಿಯ ಮನೆಯ ಗೋಡೆಯ ಮೇಲೆ ಇದೆಯಂತೆ, ನಗುತ್ತಿರುವುದು. ಮತ್ತೆ ಈ ಊದಿದ ಮುಖವನ್ನು ನೋಡಲು ಅಷ್ಟು ಹಟ ಯಾಕೆ ಎಂದು ಮಾವ ಒಮ್ಮೆ ಕೇಳಿದ್ದರು. "ಗೋಡೆ ಮೇಲಿರೋನಿಗೆ ನಾನು ಯಾವತ್ತೂ ಅಲ್ಲ ಅಂದಿಲ್ಲ. ಇವನಿಗೆ ಅಂದಿದೀನಿ. ಎಷ್ಟು ಸಲ ಹೌದು ಅಂದ್ರೂ ಸಾಲಲ್ಲ" ಎಂದಿದ್ದರಂತೆ ಮೇಸ್ತ್ರಿ. ಇದನ್ನು ಹೇಳುವಾಗ ಮಾವ ಲೋಟದ ಅಂಚನ್ನೇ ನೋಡುತ್ತಿರುತ್ತಾರೆ.

ಇಂಥ ಲೇಖನಗಳ ಕೊನೆಯಲ್ಲಿ ಕೇಳುವ ಪ್ರಶ್ನೆಯೊಂದಿದೆ, ನಾನೂ ಕೇಳುತ್ತೇನೆ: ನಿಮಗೆ ಏನಾಗಬೇಕು ಎಂಬ ಆಸೆ? ಬಿಸಿ ಬರುವ ಕೋಣೆ, ಒಂದು ಸನ್ಮಾನ, ಕನಿಷ್ಠ ಆ ಟ್ಯೂಬ್‌ಲೈಟು ಬದಲಾಯಿಸುವುದು, ಇಂಥದ್ದೇನಾದರೂ ಹೇಳುತ್ತಾರೆ ಎಂದುಕೊಳ್ಳುತ್ತೇನೆ. ಮಾವ ಪರದೆಯ ಮೇಲೆ ಇನ್ನೂ ತೆರೆದೇ ಇರುವ ಆ ಮುಖವನ್ನು ನೋಡುತ್ತಾರೆ. ಎಡಹುಬ್ಬಿನ ತುದಿಯಲ್ಲಿ ಕಲೆ ನಿಚ್ಚಳವಾಗಿದೆ.

"ಮೇಸ್ತ್ರಿಗಳ ಕಣ್ಣಿನ ಆಪರೇಷನ್ ಆಗೋ ತನಕ ಹೊಸ ಆವೃತ್ತಿ ಬರದೆ ಇದ್ರೆ ಸಾಕು ಸಾರ್," ಎನ್ನುತ್ತಾರೆ. "ಬಂದ್ರೆ ಅವ್ರನ್ನ ಕರೀಲೇಬೇಕಾಗತ್ತೆ. ಕರೆದ್ರೆ ಬರ್ತಾರೆ."